ಒಂಬತ್ತು ನಿಮಿಷದ ಷರಾ

ಹಿರೇಕಟ್ಟಿ ಅಣೆಕಟ್ಟು, ಕ್ರಿ.ಶ. ೨೪೧೯, ನಮ್ಮ ಹೊಸ ಪಂಚಾಂಗದ ಹದಿಮೂರನೆಯ ತಿಂಗಳ ನಾಲ್ಕನೆಯ ದಿನ

ಕೀಲಿಮಣೆಯ ಮುಂದೆ ಕುಳಿತ ಮಹಾಜನರೇ! ಮುಂದಿನ ಸಾಲಿನ ಹಿರಿಯರೇ, ಹಿಂದೆ ಕಂಬಕ್ಕೊರಗಿ ನಿಂತ ತಾಯಂದಿರೇ! ನಾಲ್ಕು ನೂರು ವರ್ಷಗಳಾಚೆಯಿಂದ ಕೂಗುತ್ತಿದ್ದೇನೆ. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಗುರುಶಾಂತ, ವಯಸ್ಸು ಎಪ್ಪತ್ತೆಂಟು, ಈ ಊರಿನ ಷರಾಗಾರ. ಪ್ರೋಗ್ರಾಮುಗಳ ನಡುವೆ ಯಂತ್ರಕ್ಕಲ್ಲದೆ ಮನುಷ್ಯರಿಗೆಂದೇ ನೀವು ಬರೆದಿಟ್ಟ ಸಾಲುಗಳಿವೆಯಲ್ಲ, ನೀವು ಕಾಮೆಂಟು ಎನ್ನುತ್ತಿದ್ದಿರಿ, ನಮಗೆ ಅವು ಷರಾ. ಹಳೆಯ ಕೋಡಿನ ಒಂದೇ ಸಾಲು ಅಳಿಸುವುದಿದ್ದರೂ ಅದರ ಷರಾವನ್ನು ಕಟ್ಟೆಯ ಮೇಲೆ ನಿಂತು ಬೇರೆ ಬೇರೆ ದಿನ ಮೂರು ಸಲ ಗಟ್ಟಿಯಾಗಿ ಓದಬೇಕು. ಬರೆದವರ ಮಾತು ಕೇಳದೆ ಅವರ ಕೆಲಸ ಕೆಡಿಸಬಾರದೆಂಬುದು ನಮ್ಮ ನೇಮ.

ನಮ್ಮ ಅಣೆಕಟ್ಟಿನ ಬಾಗಿಲುಗಳನ್ನು ಇಂದಿಗೂ ತೆರೆಯುವುದು ನಿಮ್ಮ ಕಾಲದ ಇಂದುಮತಿ ಕಮ್ಮಾರ ಎಂಬ ಹೆಣ್ಣುಮಗಳ ಕೋಡು. ಬೆಳಿಗ್ಗೆ ಸೈರನ್ ಕೂಗುತ್ತದೆ. ಒಂಬತ್ತು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ನೀರು ಧುಮುಕುತ್ತದೆ. ಹಾಗೆ ಒಂಬತ್ತು ನಿಮಿಷ ಕಾಯುವ ಸಾಲಿನ ಮೇಲೆ ಆಕೆ ಬರೆದಿದ್ದಾಳೆ: "ಈ ಸಾಲು ತೆಗೀಬ್ಯಾಡ್ರಿ. ಯಾಕಂತ ನಾಳೆ ಬರೀತೀನಿ."

ಆ ನಾಳೆ ಬರಲೇ ಇಲ್ಲ, ಸ್ವಾಮಿ! ದೆವ್ವ ಓದಿಕೊಂಡು ಹಿಂದಿರುಗಲೆಂದು ನೀವು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದಿರಂತೆ. ಐವತ್ತು ವರ್ಷಗಳಿಂದ ಆ ದೆವ್ವ ನಾನೇ. ಆಕೆಯ ಉಳಿದ ಷರಾಗಳೆಲ್ಲ ನನಗೆ ಬಾಯಿಪಾಠ. ಒಂದು ಕಡೆ ಬರೆದಿದ್ದಾಳೆ: "ಇದನ್ನ ಸರಿ ಮಾಡಿದವರಿಗೆ ನನ್ನ ಡಬ್ಬಿಯ ಶೇಂಗಾ ಹೋಳಿಗಿ." ಶೇಂಗಾ ಬೆಳೆಯುವುದು ನಿಂತು ಇನ್ನೂರು ವರ್ಷವಾಯಿತು. ಆದರೂ ಅದನ್ನು ಓದಿದಾಗಲೆಲ್ಲ ನನ್ನ ಬಾಯಲ್ಲಿ ನೀರೂರುತ್ತದೆ, ಕಣ್ಣಲ್ಲೂ.

ಈಗ ನೀರಿನ ಪಂಚಾಯಿತಿಯ ಅಧ್ಯಕ್ಷೆ ನೀಲಗಂಗಾ ಆ ಕಾಯುವ ಸಾಲನ್ನು ತೆಗೆಸಹೊರಟಿದ್ದಾಳೆ. ಹೊಳೆಗೆ ಯಾರೂ ಇಳಿಯದೆ ಮೂರು ತಲೆಮಾರಾಯಿತು, ಹೊಲಗಳಿಗೆ ನೀರು ಯಾಕೆ ತಡವಾಗಬೇಕು ಎನ್ನುತ್ತಾಳೆ. ಮೊನ್ನೆ ಎರಡನೆಯ ಓದು ಮುಗಿದಾಗ ಕೆಣಕಿದಳು: "ಏನಜ್ಜಾ, ನಾಳೆ ಬರೀತೀನಿ ಅಂದಾಕಿ ಇನ್ನೂ ಪೆನ್ನು ಹುಡುಕಾಕತ್ತಾಳೇನು?" ಸಭೆಯೆಲ್ಲ ನಕ್ಕಿತು. "ತಡಿಯವ್ವಾ, ಆಕಿ ಬರೂತನಕ ನನ್ನ ಗಂಟಲ ಐತಿ" ಎಂದೆ. ಆದರೆ ನಾಡಿದ್ದು ಮೂರನೆಯ ಓದು. ಅದು ಮುಗಿದರೆ ಸಾಲೂ ಹೋಯಿತು, ಷರಾವೂ ಹೋಯಿತು.

ನಿನ್ನೆ ಹೂಳು ತೆಗೆಯುವವರಿಗೆ ಅಣೆಕಟ್ಟಿನ ಕೆಳಗೆ ಕಲ್ಲಿನ ಮೆಟ್ಟಿಲುಗಳು ಸಿಕ್ಕವು, ಎಂಬತ್ತೊಂದು. ಬುಡದಲ್ಲಿ ಬಟ್ಟೆ ಒಗೆದೊಗೆದು ಸವೆದ ಬಂಡೆ. ಕೆಟ್ಟುಹೋಗಿದ್ದ ಹೊಳೆಗೆ ಮೀನು ಮರಳಿವೆ. ಮಕ್ಕಳು ಆಗಲೇ ಇಳಿದು ಕಾಲು ತೋಯಿಸಿಕೊಂಡು ಬಂದರು. ಒದ್ದೆ ಬಟ್ಟೆಯ ಗಂಟು ಹೊತ್ತ ಮುದುಕಿಯೊಬ್ಬಳು ಸೈರನ್ ಕೇಳಿ ಆ ಮೆಟ್ಟಿಲೇರಲು ಎಷ್ಟು ಹೊತ್ತು ಬೇಕು? ಇಂದುಮತಿ ಯಾರ ಹಿಂದೆ ಗಡಿಯಾರ ಹಿಡಿದು ಏರಿದ್ದಳು?

ಕೈಮುಗಿದು ಬೇಡುವುದಿಷ್ಟೇ. ಏನು ಮಾಡಿದಿರೆಂದು ಕೋಡೇ ಹೇಳುತ್ತದೆ. ಯಾಕೆ ಎಂಬುದನ್ನು ನೀವು ಬರೆಯಿರಿ, ಇವತ್ತೇ ಬರೆಯಿರಿ.

ನಾಳೆ ಬೆಳಿಗ್ಗೆ ಸೈರನ್ ಕೂಗುವಾಗ ನಾನು ಆ ಬಂಡೆಯ ಮೇಲೆ ನಿಂತಿರುತ್ತೇನೆ. ತಲೆಯ ಮೇಲೆ ಒದ್ದೆ ಬಟ್ಟೆಯ ಗಂಟು, ಮೇಲಿನ ಮೆಟ್ಟಿಲಲ್ಲಿ ನನ್ನ ಮಾತಿಗೆ ಒಪ್ಪಿ ಗಡಿಯಾರ ಹಿಡಿದ ನೀಲಗಂಗಾ. ಈ ಮುದಿ ಮೊಣಕಾಲುಗಳಲ್ಲಿ ಎಂಬತ್ತೊಂದನ್ನೂ ಏರುತ್ತೇನೆ. ಎಷ್ಟು ನಿಮಿಷ ಹಿಡಿಯಿತೆಂಬುದನ್ನು ಇಂದುಮತಿಯ ಸಾಲಿನ ಕೆಳಗೆ, ಮೈ ಒದ್ದೆಯಿರುವಾಗಲೇ, ಬರೆಯುತ್ತೇನೆ.