ಬೇಡವೆಂದು ಎತ್ತಿದ ಕೈ

ಅರಸೀಕೆರೆ,
೧೪ ಜೂನ್ ೨೦೨೫

ಮುದ್ದು ಸಿರಿಗೆ ಅಮ್ಮನ ಆಶೀರ್ವಾದ.

ನೀನು ಫೋನ್ ಎತ್ತುತ್ತಿಲ್ಲ. ಕೊಬ್ಬರಿ ವ್ಯಾಪಾರಕ್ಕೆ ಬಂದಿರುವ ನಿನ್ನ ಗಂಡನ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಬಾಣಂತನಕ್ಕೆ ಅರಸೀಕೆರೆಗೆ ಬರುವುದಿಲ್ಲ, ಹಳೇಬೀಡಿನಲ್ಲೇ ಇರುತ್ತೇನೆ ಎಂದೆಯಂತೆ. ಅಳಿಯ ಕುಮಾರಸ್ವಾಮಿ ತಲೆ ತಗ್ಗಿಸಿಕೊಂಡು ಹೇಳಿದರು. ಕೂಡಲೇ ಪೆನ್ನು ಕೈಗೆತ್ತಿಕೊಂಡೆ ಕಣೇ.

ನಿನ್ನ ಕೋಪ ನ್ಯಾಯವೇ. ಎಷ್ಟೋ ದೇಶಗಳವರು ಬಳಸುವ ಪ್ರೋಗ್ರಾಮಿಂಗ್ ಭಾಷೆಗೆ ನಿಯಮ ಬರೆಯುವ ಸಮಿತಿ ನಮ್ಮದು. ಹೊಸದನ್ನು ಸೇರಿಸುವ ಗಡುವು ಮುಗಿದ ಮೇಲೆ ನೀನು ಪ್ರಸ್ತಾವ ತಂದೆ: ಕಂಪ್ಯೂಟರ್ ಮಾಡುತ್ತಿರುವ ಕೆಲಸವನ್ನು ಮಧ್ಯದಲ್ಲೇ ನಿಲ್ಲಿಸುವ ಸೌಲಭ್ಯ. ತಡವಾಗಿ ಬಂದದ್ದಕ್ಕೆ ಒಬ್ಬರು ಬೇಡವೆಂದರೂ ಮುಗಿಯಿತು. ಉಳಿದವರೆಲ್ಲ ಹೂಂ ಎಂದರು. ಸಮಿತಿಯಲ್ಲಿ ಕೂತಿದ್ದ ಹೆತ್ತ ತಾಯಿಯೇ ಬೇಡವೆಂದು ಕೈ ಎತ್ತಿದಳು.

ಅವರೆಲ್ಲ ಓದಿ ಒಪ್ಪಿದರು, ನಾನು ಮಾಡಿ ನೋಡಿದೆ. ಕಾಲೇಜಿನಲ್ಲಿ ಪಾಠ ಹೇಳಿದ ಚಾಳಿ, ನಿವೃತ್ತಿಯಾದರೂ ಬಿಟ್ಟಿಲ್ಲ. ಕೆಲಸವೇನೋ ನಿಂತಿತು. ಆದರೆ ಅದು ತೆರೆದಿದ್ದ ಫೈಲು ಹಾಗೇ ಬೀಗ ಬಿದ್ದು ಉಳಿಯಿತು, ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಒಮ್ಮೆ ನಿಯಮವಾದರೆ ವಾಪಸ್ ತೆಗೆಯಲಾಗದು, ಅಷ್ಟರಲ್ಲಿ ಜನ ಅದನ್ನೇ ನಂಬಿ ಪ್ರೋಗ್ರಾಂ ಬರೆದಿರುತ್ತಾರೆ. ಆ ತಪ್ಪಿನ ಪಕ್ಕ ನಿನ್ನ ಹೆಸರು ಇರುವುದು ನನಗೆ ಬೇಡವಾಗಿತ್ತು. ಸಭೆಯಲ್ಲಿ ಇದನ್ನು ಬಾಯಿಬಿಡಲಿಲ್ಲ, ಪರೀಕ್ಷಿಸಲು ಸಮಯ ಸಾಲದು ಎಂದಷ್ಟೇ ಅಂದೆ. ಆಮೇಲೆ ನಿನಗೊಬ್ಬಳಿಗೇ ಹೇಳೋಣವೆಂದು ಫೋನ್ ಮಾಡಿದರೆ ನೀನು ನನಗೆ ಬಾಯಿ ತೆರೆಯಲು ಬಿಡಬೇಕಲ್ಲ.

"ಮುಂದಿನ ಆವೃತ್ತಿ ಬರೋದು ಮೂರು ವರ್ಷಕ್ಕಮ್ಮ. ಮಗು ಕಟ್ಕೊಂಡು ನಾನು ಆ ಸಭೇಲಿ ಎಲ್ಲಿ ಕೂರ್ಲಿ?" ಅಂದು ಫೋನ್ ಇಟ್ಟುಬಿಟ್ಟೆ. ಅಷ್ಟು ಅವಸರ ಏಕೆಂದು ನನಗೆ ಆಗಲೇ ತಿಳಿದದ್ದು. ಎಷ್ಟು ಹೆದರಿಕೊಂಡಿದ್ದೀಯೋ ಕಂದಾ. ಹಾಗೆಂದು ಆ ಪ್ರಸ್ತಾವ ಇದ್ದ ಹಾಗೇ ಮತ್ತೆ ಬಂದರೂ ಬೇಡವೆಂದೇ ಹೇಳುತ್ತೇನೆ. ನನ್ನ ಹಟ ನಿನಗೆ ಹೊಸದಲ್ಲ, ಅರ್ಧ ನಿನಗೂ ಬಂದಿದೆ.

ನಿನ್ನ ಯೋಚನೆ ಒಳ್ಳೆಯದು, ಸರಿಮಾಡುವುದೂ ನಿನ್ನಿಂದಾಗುತ್ತದೆ. ಬಾಣಂತನಕ್ಕೆ ಬಾ. ಮೆಣಸಿನ ಸಾರು, ಬಿಸಿ ಅನ್ನ ಬಡಿಸುತ್ತೇನೆ. ಬಯ್ಯುವುದಿದ್ದರೆ ಉಣ್ಣುತ್ತಾ ಬಯ್ಯಿ.

ನಿನ್ನ ದಾರಿ ಕಾಯುವ ಅಮ್ಮ,
ಅರುಣಾ

ತಾ.ಕ.: ಸಮಿತಿಯಲ್ಲಿ ನನ್ನ ಸ್ಥಾನ ಬಿಟ್ಟುಕೊಟ್ಟೆ. ಬೇಸರವಿಲ್ಲ ಎಂದರೆ ನೀನು ನಂಬುವುದಿಲ್ಲ. ಆ ಜಾಗಕ್ಕೆ ಅಧ್ಯಕ್ಷರು ನಿನ್ನನ್ನೇ ಕೇಳಲಿದ್ದಾರೆ, ಒಪ್ಪಿಕೋ. ಬೇಡವೆನ್ನಲು ನಾನಿನ್ನು ಅಲ್ಲಿರುವುದಿಲ್ಲ. ಸಭೆ ಮುಗಿಯುವವರೆಗೂ ಮಗು ನನ್ನ ಮಡಿಲಲ್ಲಿರುತ್ತದೆ.