ನಾಲ್ಕು ಅಡಿಯ ವಿನಾಯಿತಿ

ಹಾರ್ಲೋ, ನ್ಯೂ ಹ್ಯಾಂಪ್‌ಶೈರ್
೯ ಏಪ್ರಿಲ್ ೧೯೭೪

ಪ್ರೀತಿಯ ಅಣ್ಣ ಕ್ಲೇಟನ್‌ಗೆ,

ವಿನಾಯಿತಿ ಬೇಕಾದರೆ ಕಷ್ಟ ನೆಲಕ್ಕಿರಬೇಕು ಎಂದೋ, ಮನುಷ್ಯನಿಗಿದ್ದರೆ ಸಾಲದು ಎಂದೋ, ಶ್ರೀಮತಿ ಹ್ಯಾಸ್ಕೆಲ್ ಅಂದದ್ದು ಸರಿಯಾಗಿ ನೆನಪಿಲ್ಲ. ಅರ್ಥ ಮಾತ್ರ ಅದೇ. ವಿಚಾರಣೆ ಮುಗಿದು ಎರಡು ವಾರವಾಯಿತು. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕೆಲಸದ ನೆಪ ಹೇಳುವುದಿಲ್ಲ. ಕ್ಷಮಿಸು.

ಎವರೆಟ್‌ಗೆ ಈಗ ಮೆಟ್ಟಿಲು ಹತ್ತಲಾಗುವುದಿಲ್ಲ. ಚಳಿಗಾಲವಿಡೀ ಊಟದ ಕೋಣೆಯಲ್ಲೇ ಮಲಗಿದ. ಕೆಳಗೊಂದು ಕೋಣೆ ಕಟ್ಟೋಣವೆಂದರೆ ಅದು ನಿನ್ನ ಪಾಲಿನ ಜಾಗದ ಗಡಿಗೆ, ನಿಯಮ ಬಿಡುವುದಕ್ಕಿಂತ ನಾಲ್ಕು ಅಡಿ ಹತ್ತಿರ ಬರುತ್ತದೆ. ಅದಕ್ಕೇ ಊರಿನ ಮಂಡಳಿಯ ಮುಂದೆ ವಿನಾಯಿತಿ ಕೇಳಿದ್ದು. ಹ್ಯಾಸ್ಕೆಲ್ ಅದರ ಅಧ್ಯಕ್ಷೆ. ಅರ್ಜಿ ಕೊಡುವಾಗಲೇ ಎಚ್ಚರಿಸಿದ್ದರು: ಕಾಯಿಲೆ ಎಲ್ಲರಿಗೂ ಬರುತ್ತದೆ, ಅದಕ್ಕೆಲ್ಲ ಕೊಟ್ಟರೆ ನಿಯಮವೇ ಉಳಿಯುವುದಿಲ್ಲ, ಮನೆಯ ಹಿಂದೆ ಬಂಡೆ ಇದೆಯಲ್ಲ, ಅದರ ಬಗ್ಗೆ ಹೇಳು ಎಂದು.

ಹಾಗಾಗಿ ಗಾಲಿಕುರ್ಚಿಯಲ್ಲಿ ಕೂತ ಗಂಡನ ಪಕ್ಕ ನಿಂತು ಕಾಲು ಗಂಟೆ ಬಂಡೆಯ ಬಗ್ಗೆ ಮಾತಾಡಿದೆ. ಎಷ್ಟು ಅಗಲ, ಎಷ್ಟು ಆಳ, ಹಿಂದಕ್ಕೆ ಕಟ್ಟಲು ಯಾಕಾಗದು.

"ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು," ಎವರೆಟ್ ಪಕ್ಕದವನಿಗೆ ಹೇಳಿದ, "ನನ್ನ ಬಗ್ಗೆ ಒಂದ್ಸಲಾನೂ ಇವಳು ಇಷ್ಟು ಚೆನ್ನಾಗಿ ಮಾತಾಡಿಲ್ಲ."

ಎಲ್ಲರಿಗೂ ಕೇಳಿಸಿತು, ನಕ್ಕರು. ಕೊನೆಗೆ ಐವರಲ್ಲಿ ನಾಲ್ವರು ಒಪ್ಪಿದರು. ವಿನಾಯಿತಿ ನಮಗಲ್ಲವಂತೆ, ನೆಲಕ್ಕಂತೆ; ನಾಳೆ ಮನೆ ಯಾರ ಕೈಗೆ ಹೋದರೂ ಅದೂ ಜೊತೆಗೇ ಹೋಗುತ್ತದೆ. ನ್ಯಾಯವೇ ಇರಬೇಕು. ಉಳಿಯುವುದು ನೆಲ ತಾನೆ.

ಬಡಗಿ ಮೇ ಮೊದಲ ವಾರ ಬರುತ್ತಾನೆ. ನಿನ್ನ ಬೆನ್ನುನೋವು ಹೇಗಿದೆ? ನಿನಗೂ ಮಕ್ಕಳಿಗೂ ದೇವರು ಒಳ್ಳೆಯದು ಮಾಡಲಿ.

ನಿನ್ನ ತಂಗಿ
ಲೋರ್ನಾ

ಮತ್ತೆ: ನೆರೆಯ ಜಾಗದವರು ಮಂಡಳಿಗೆ ಬರೆದ ಕಾಗದಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದುತ್ತಾರೆ. ಊರು ಬಿಟ್ಟು ಬಹಳ ಕಾಲವಾಯಿತು, ನಿನಗೆ ಮರೆತಿರಬೇಕು. ಆ ನಗು ಅಡಗಿದ ಮೇಲೆ ಗುಮಾಸ್ತೆ ನಿನ್ನದನ್ನು ಓದಿದಳು: "ನನ್ನ ಅಭ್ಯಂತರವಿಲ್ಲ. ಹೇಗೂ ಎವರೆಟ್‌ಗೆ ಆ ಕೋಣೆ ಕ್ರಿಸ್‌ಮಸ್‌ವರೆಗೆ ಬೇಕಾದರೆ ಹೆಚ್ಚು." ಡಾಕ್ಟರು ನನಗೊಬ್ಬಳಿಗೇ ಹೇಳಿದ್ದು, ನಾನು ನಿನಗೊಬ್ಬನಿಗೇ ಬರೆದದ್ದು. ನೀನು ಒಳ್ಳೆಯ ಮನಸ್ಸಿನಿಂದಲೇ ಬರೆದೆ, ಗೊತ್ತು. ಎವರೆಟ್ ನನ್ನ ಪಕ್ಕದಲ್ಲೇ ಕೂತು ಅದನ್ನು ಕೇಳಿದ. ನಿನ್ನೆ ಬೆಳಿಗ್ಗೆ ಕಾಫಿ ಕುಡಿಯುತ್ತಾ ಹೇಳಿದ: "ಕೋಣೆಗೆ ಕಿಟಕಿ ನಿಂಗೆ ಬೇಕಾದ ಕಡೆ ಇಡ್ಸು ಲೋರ್ನಾ. ಅದರಿಂದ ಜಾಸ್ತಿ ದಿನ ಹೊರಗೆ ನೋಡೋಳು ನೀನು." ಯಾವ ಕಡೆ ಇಡಿಸಲಿ, ಅಣ್ಣ?