ಪಾಸಿಲ್ಲದ ಮಗ

ಆರೋಗ್ಯ ಇಲಾಖೆ ವಸತಿಗೃಹ,
ಸೇತುವೆ ರಸ್ತೆ
ಮಾರ್ಚ್ ೪, ಮಂಗಳವಾರ

ಪ್ರೀತಿಯ ಗುಂಡಣ್ಣ,

ಹೇಗಿದ್ದೀಯೋ? ಮಂಡಿನೋವು ಕಡಿಮೆಯಾಯಿತೇ, ಇಲ್ಲ ಈಗಲೂ ವ್ಯಾನಿನಿಂದ ಇಳಿಯುವಾಗ ತೊಂಬತ್ತರ ಮುದುಕನ ಹಾಗೆ ಮುಲುಗುತ್ತೀಯಾ? ನಿನ್ನ ಹೆಂಡತಿಗೆ ಹೇಳು, ಮಾತ್ರೆ ನಿನ್ನ ಕೈಗೆ ಕೊಡಬಾರದು, ನೇರ ಬಾಯಿಗೇ ಹಾಕಬೇಕು ಅಂತ. ನಾನು ಚೆನ್ನಾಗಿದ್ದೇನೆ. ಹಾಗೆಂದು ಬರೆದದ್ದು ಅಭ್ಯಾಸಬಲದಿಂದ. ಭಾನುವಾರದಿಂದ ಊಟ ಸೇರುತ್ತಿಲ್ಲ.

ಹೊಳೆಯ ನಮ್ಮ ದಡ, ನಿಮ್ಮ ದಡ, ಕೆಳಗಿನ ಬಂದರು, ಮೂರೂ ಸರ್ಕಾರಗಳು ಸೇರಿ ಮುಂದಿನ ಸಾಂಕ್ರಾಮಿಕಕ್ಕೆ ಒಂದೇ ಯೋಜನೆ ಮಾಡುತ್ತಿವೆಯೆಂದು ಹೇಳಿದ್ದೆನಲ್ಲ, ಅದರ ಅಣಕು ಕಾರ್ಯಾಚರಣೆ ಭಾನುವಾರ ನಡೆಯಿತು. ಕಳೆದ ಸಲ ಸಾಂಕ್ರಾಮಿಕ ಬಂದಾಗ ಒಬ್ಬರ ಸಿಲಿಂಡರಿಗೆ ಇನ್ನೊಬ್ಬರ ನಟ್ಟು ಕೂರದೆ, ಆಮ್ಲಜನಕ ಪಕ್ಕದಲ್ಲೇ ಇದ್ದೂ ಜನ ಉಸಿರುಗಟ್ಟಿ ಸತ್ತಿದ್ದರು. ಈ ಸಲ ಎಲ್ಲ ಆಸ್ಪತ್ರೆಗೂ ಒಂದೇ ಅಳತೆಯ ಜೋಡಣೆ. ನಿಮ್ಮ ಕಡೆಯ ಮಾದರಿಗಳು ನಮ್ಮ ಪ್ರಯೋಗಾಲಯಕ್ಕೆ ಬಂದು, ಫಲಿತಾಂಶ ಮೂರು ಕಡೆಗೂ ಒಟ್ಟಿಗೇ ಹೋಯಿತು. ಸೇತುವೆ ಮುಚ್ಚಿದರೂ ನರ್ಸು, ಚಾಲಕ, ಲಸಿಕೆ ತರುವವರು ದಾಟಲು ಹಸಿರು ಪಾಸು. ರೋಗಿಯ ಪಾತ್ರಕ್ಕೆ ಬಂದಿದ್ದ ನೀರು ಸರಬರಾಜಿನ ಮೇಸ್ತ್ರಿ ಎಷ್ಟು ಜೀವ ತುಂಬಿ ಕೆಮ್ಮಿದನೆಂದರೆ ಹೊಸ ನರ್ಸು ನಿಜವಾಗಿಯೂ ಹೆದರಿ ಓಡಿದಳು. ಯೋಜನೆ ಬರೆದವಳು ನಾನೇ ಎಂದು ಒಳಗೊಳಗೇ ಉಬ್ಬಿಹೋಗಿದ್ದೆ ಕಣೋ.

ಪಾತ್ರಗಳಲ್ಲಿ ಒಬ್ಬಳು ಸಾಯುತ್ತಿರುವ ತಾಯಿ. ಅವಳ ಮಗನಾಗಿ ನಿಮ್ಮ ಕಡೆಯ ಅಗ್ನಿಶಾಮಕ ದಳದ ಒಬ್ಬ ದಢೂತಿ. ಆಸ್ಪತ್ರೆಯಿಂದ ಕರೆ ಹೋದ ಮೇಲೆ ಅವನು ಸೇತುವೆಯ ಗೇಟಿಗೆ ಬಂದ. ಕಾವಲಿನವನು ಪಾಸುಗಳ ನಿಯಮ ನೋಡಿದ. ಮಗ ಎನ್ನುವ ಸುದ್ದಿಯೇ ಅದರಲ್ಲಿಲ್ಲ. 'ಇಲ್ಲೇ ನಿಂತಿರಿ, ಕೇಳಿ ಹೇಳ್ತೀನಿ' ಅಂದನಂತೆ. ಯಾರನ್ನು ಕೇಳಬೇಕೆಂದು ಅವನಿಗೂ ಗೊತ್ತಿಲ್ಲ. ಅಣಕು ಮುಗಿಯಿತು, ಚಪ್ಪಾಳೆಯೂ ಆಯಿತು, ಸತ್ತ ತಾಯಿ ಎದ್ದು ಬಂದು ನಮ್ಮ ಜೊತೆ ಊಟಕ್ಕೆ ಕೂತಳು. ಕೈ ತೊಳೆಯಲು ಎದ್ದಾಗ ಕಿಟಕಿಯಿಂದ ನೋಡಿದೆ. ಅವನಿನ್ನೂ ಬಿಸಿಲಲ್ಲಿ ಕಂಬಿ ಹಿಡಿದು ನಿಂತಿದ್ದ. ಮುಗಿಯಿತೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಒಂದು ಕ್ಷಣ ನೀನೇ ಅಂದುಕೊಂಡೆ.

ಮಗನಿಗೆ ಪಾಸು ಕೊಡುವುದನ್ನು ನಾವು ಮರೆತದ್ದಲ್ಲ, ಗುಂಡಣ್ಣ. ಮೊದಲ ಕರಡಿನಲ್ಲಿ ಇತ್ತು, ನಾನೇ ಬರೆದಿದ್ದೆ. ಬಂದರಿನವರು ಸುತರಾಂ ಒಪ್ಪಲಿಲ್ಲ. ಸಂಬಂಧಿಕರನ್ನು ಬಿಟ್ಟರೆ ಸೋಂಕನ್ನೂ ಬಿಟ್ಟ ಹಾಗೆ ಎಂದರು. ಆ ಸಾಲು ಕೈಬಿಟ್ಟರೆ ಆಮ್ಲಜನಕ ಹಂಚಿಕೊಳ್ಳಲು ಒಪ್ಪುತ್ತೇವೆಂದರು. ಅವರ ಸಂಜೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ನಾನೇ ಪೆನ್ನು ತೆಗೆದು ಗೀಟು ಎಳೆದೆ. ಅಮ್ಮ ಹೋದ ದಿನ, ಸೇತುವೆಯ ಆ ತುದಿಯಲ್ಲಿ ನಿನ್ನನ್ನು ತಡೆದು ನಿಲ್ಲಿಸಿದ್ದಾಗ, ಅವಳ ಕಿವಿಗೆ ಫೋನು ಹಿಡಿದು ನಿನ್ನ ಕೂಗು ಕೇಳಿಸಿದವಳು ನಾನು. 'ಅವನಿಗೆ ಊಟಕ್ಕೆ ಹಾಕೇ, ಬಿಸಿಲಲ್ಲಿ ಬಂದಿದಾನೆ' ಅಂದಿದ್ದಳು. ನೀನು ಮನೆಗೆ ಬಂದೇಬಿಟ್ಟೆ ಅಂದುಕೊಂಡಿದ್ದಳು. ಇದೆಲ್ಲ ಗೊತ್ತಿದ್ದೂ ನನ್ನ ಕೈ ಓಡಿತಲ್ಲ ಎಂದು ನಾಚಿಕೆಯಾಗುತ್ತಿದೆ. ಆ ಸಿಲಿಂಡರುಗಳಿಂದ ಎಷ್ಟೋ ಜನ ಉಳಿಯುತ್ತಾರೆ, ಅದೇನೂ ಸುಳ್ಳಲ್ಲ. ಆದರೂ ನಿನ್ನ ದನಿ ಕೇಳುವ ಧೈರ್ಯ ಸಾಲದೆ, ಫೋನು ಬಿಟ್ಟು ಕಾಗದ ಹಿಡಿದಿದ್ದೇನೆ.

ಮಕ್ಕಳ ತಲೆಯನ್ನು ನನ್ನ ಪರವಾಗಿ ಒಮ್ಮೆ ಸವರು. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ನೂರು ಕಾಲ ಬಾಳು. ಮೊದಲು ಆ ಮಂಡಿಗೆ ಎಣ್ಣೆ ಹಚ್ಚು.

ನಿನ್ನ
ಅಕ್ಕ

ತಾ.ಕ.: ಮಾದರಿ ತರುವ ವ್ಯಾನು ನಿಮ್ಮ ಕಡೆಗೆ ಹೊರಟು ನಿಂತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಮೂರೂ ಕಡೆಯವರನ್ನು ಮತ್ತೆ ಕೂರಿಸಿ, ಆ ಸಾಲು ವಾಪಸು ಬೇಕೇ ಬೇಕೆಂದು ಹಟ ಹಿಡಿದೆ. ಬಂದರಿನವರು ಸ್ವಲ್ಪ ಮೆತ್ತಗಾಗಿದ್ದಾರೆ. ರಕ್ಷಣಾ ಉಡುಪು ತೊಡಿಸಿ ಒಬ್ಬರನ್ನು ಒಳಗೆ ಬಿಡಬಹುದಂತೆ, ಆದರೆ ಎಷ್ಟು ಹೊತ್ತು ಎಂದು ನಾವೇ ಬರೆದುಕೊಡಬೇಕು. ಎಲ್ಲರೂ ನನ್ನ ಮುಖ ನೋಡಿದರು. ಯೋಚಿಸಿ ಹೇಳುತ್ತೇನೆಂದು ಸಮಯ ಕೇಳಿದೆ. ಶುಕ್ರವಾರ ಕೊನೇ ದಿನ, ಉತ್ತರವನ್ನು ಇದೇ ಚಾಲಕನ ಕೈಲಿ ಕೊಡು. ಅವತ್ತು ನಿನ್ನನ್ನು ಬಿಟ್ಟಿದ್ದರೆ, ಅಮ್ಮನ ಹತ್ತಿರ ಎಷ್ಟು ಹೊತ್ತು ಕೂತಿದ್ದರೆ ನಿನಗೆ ಸಾಕಾಗುತ್ತಿತ್ತೋ? ಅದನ್ನು ಹೇಳು. ಅಷ್ಟೇ ಬರೆಯುತ್ತೇನೆ.